ಹೂಂಗುಟ್ಟುವ ಯಂತ್ರ

ನನಗೆ ಹೂಂಗುಟ್ಟುವ ಚಟವಿದೆ. ಎದುರಿಗಿರುವವರು ಮಾತು ಶುರು ಮಾಡಿದರೆ ಸಾಕು, ನನ್ನ ಗಂಟಲಿನಿಂದ ತನ್ನಷ್ಟಕ್ಕೆ ತಾನೇ ‘ಹೂಂ’ ಹೊರಡುತ್ತದೆ. ಯಾವುದೋ ರೆಸಾರ್ಟಿನ ಸದಸ್ಯತ್ವ ಮಾರುವ ಹುಡುಗಿ ಫೋನು ಮಾಡಿದರೂ ಅವಳ ಪಾಠ ಮುಗಿಯುವವರೆಗೆ ಹೂಂಗುಟ್ಟುತ್ತೇನೆ. ಕೊನೆಗೆ ಬೇಡ ಎಂದಾಗ ಅವಳು ನಿಜಕ್ಕೂ ನೊಂದುಕೊಂಡು, “ಇಷ್ಟೊತ್ತು ಹೂಂ ಅಂದ್ರಲ್ಲ ಸಾರ್,” ಎನ್ನುತ್ತಾಳೆ. ನನ್ನ ಹೆಂಡತಿ ಸುಧಾ ಮದುವೆಯಾದ ಹೊಸದರಲ್ಲಿ ಇದನ್ನು ಗಂಡನ ಸಹನೆ ಎಂದು ತಿಳಿದು ತವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಮಾತಿನ ನಡುವೆ ಗಕ್ಕನೆ ನಿಲ್ಲಿಸಿ, “ನಾನೇನ್ ಹೇಳ್ದೆ, ಹೇಳಿ ನೋಡೋಣ,” ಎನ್ನುತ್ತಾಳೆ. ಅದಕ್ಕೂ ನಾನು ಹೂಂ ಎಂದ ದಿನಗಳಿವೆ.

ಚಟ ಹತ್ತಿಸಿದವಳು ಅಜ್ಜಿ. ನಾವು ಆಗ ಇದ್ದದ್ದು, ಈಗಲೂ ಇರುವುದು, ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಮ್ಮ ಮನೆಯ ಮುಂಭಾಗದಲ್ಲಿ ಒಂದು ಲೇತ್ ಅಂಗಡಿಯಿತ್ತು. ಅದರ ಕಬ್ಬಿಣದ ಸುರುಳಿಗಳು ನಮ್ಮ ಆಟದ ಸಾಮಾನು, ಅದರ ಎಣ್ಣೆಯ ವಾಸನೆ ನಮ್ಮ ಅನ್ನಸಾರಿನಲ್ಲೂ ಇರುತ್ತಿತ್ತು. ಕರೆಂಟು ಹೋಗಿ ಲೇತ್ ನಿಂತಾಗ ಮಾತ್ರ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿದ್ದುದರಿಂದ ಅಜ್ಜಿ ಆ ಹೊತ್ತಿಗೇ ಕಾದಿದ್ದು ಕಥೆ ಶುರು ಮಾಡುತ್ತಿದ್ದಳು. ಅವಳ ಬಾಯಲ್ಲಿ ‘ಹ’ ನಿಲ್ಲುತ್ತಿರಲಿಲ್ಲ. “ಊಂ ಅನ್ರಲಾ, ನಾನ್ ಯಾರಿಗೇಳ್ತಾ ಇವ್ನಿ,” ಎಂದು ಗದರುತ್ತಿದ್ದಳು. ನನ್ನ ತಮ್ಮ ರವಿ ನಿದ್ದೆಯಲ್ಲೂ ಹೂಂಗುಟ್ಟುವುದನ್ನು ಕಲಿತುಬಿಟ್ಟ. ಅವನ ಮೇಲೆ ಅಜ್ಜಿಗೆ ಅನುಮಾನ ಬಂದರೆ ಕಥೆಯ ದನಿಯಲ್ಲೇ, “ಆಮ್ಯಾಕೆ ಆ ರಾಜ ಬಂದು ರವಿ ಚಡ್ಡಿನ ಕದ್ಕಂಡೋದ,” ಎನ್ನುವಳು. ರವಿ “ಹೂಂ” ಎನ್ನುವನು. ಅಲ್ಲಿಗೆ ಆವತ್ತಿನ ಕಥೆ ಬಂದ್ ಆಗುತ್ತಿತ್ತು. ಎಚ್ಚರವಿದ್ದವನು ನಾನಾದರೂ ನನಗೂ ರಾಜಕುಮಾರಿಯ ಮದುವೆ ಸಿಗುತ್ತಿರಲಿಲ್ಲ.

ಹೂಂ ಎಂಬುದರಲ್ಲಿ ಎಷ್ಟು ಜಾತಿಗಳಿವೆ ಎಂಬುದನ್ನು ನೀವೂ ಗಮನಿಸಿರಬಹುದು. ಅಪ್ಪ ಪತ್ರಿಕೆಯ ಹಿಂದಿನಿಂದ ಹೊರಡಿಸುತ್ತಿದ್ದ ಹೂಂಗೆ ‘ನೀನು ಬಂದಿರುವುದು ತಿಳಿಯಿತು, ಇನ್ನು ಹೋಗು’ ಎಂದು ಅರ್ಥ. ಅಮ್ಮನ ಹೂಂ ಸ್ವಲ್ಪ ಎಳೆದುಕೊಂಡು ಬಂದರೆ ನಮಗೆ ಏಟು ಗ್ಯಾರಂಟಿ. ವಧೂಪರೀಕ್ಷೆಯಲ್ಲಿ ಸುಧಾ ನನ್ನ ಪ್ರಶ್ನೆಗಳಿಗೆಲ್ಲ ಹೂಂ ಎಂದಿದ್ದಳು, ಅದು ಮುಜುಗರದ್ದು ಎಂದು ಮದುವೆಯಾದ ಮೇಲೆ ತಿಳಿಯಿತು. ಇಷ್ಟೆಲ್ಲದರ ಪಕ್ಕದಲ್ಲೇ ‘ಉಹೂಂ’ ಇದೆ. ಮುಂದೆ ಒಂದು ಪುಟ್ಟ ‘ಉ’ ಸೇರಿಕೊಂಡರೆ ಸಾಕು, ಹೌದು ಎಂಬುದು ಇಲ್ಲ ಎಂದಾಗುತ್ತದೆ. ನಮ್ಮ ಭಾಷೆ ಇಷ್ಟು ದೊಡ್ಡ ಕೆಲಸವನ್ನು ಇಷ್ಟು ಸಣ್ಣ ಅಕ್ಷರಕ್ಕೆ ವಹಿಸಿ ನಿಶ್ಚಿಂತೆಯಾಗಿರುವುದರ ಬಗ್ಗೆ ನಾನು ಮೊದಲೆಲ್ಲ ತಲೆ ಕೆಡಿಸಿಕೊಂಡವನಲ್ಲ.

ಕೆಡಿಸಿಕೊಳ್ಳುವಂತೆ ಮಾಡಿದ್ದು ನನ್ನ ಉದ್ಯೋಗ. ನಾನು ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತಿ, ಊರನ್ನೆಲ್ಲ ಅಡ್ಡ ಸೀಳಿಕೊಂಡು ವೈಟ್‌ಫೀಲ್ಡ್‌ಗೆ ಹೋಗಿ, ಅಲ್ಲಿ ಒಂದು ಕಂಪನಿಯಲ್ಲಿ ಪರದೆಗಳನ್ನು ವಿನ್ಯಾಸ ಮಾಡುತ್ತೇನೆ. ಎಂದರೆ ಕಂಪ್ಯೂಟರಿನಲ್ಲಿ ಯಾವ ಗುಂಡಿ ಎಲ್ಲಿರಬೇಕು, ಯಾವ ಬಣ್ಣ ಯಾವಾಗ ಬರಬೇಕು ಎಂದು ತೀರ್ಮಾನಿಸುವುದು. ಮೊದಲು ತರಕಾರಿ ಮಾರುವ ಆ್ಯಪ್ ಒಂದಕ್ಕೆ ಸೊಪ್ಪಿನ ಚಿತ್ರ ಕೂರಿಸುತ್ತಿದ್ದೆ. ಈಗ ಕೂರಿಸುತ್ತಿರುವುದು ಪ್ರಮೇಯಗಳನ್ನು. ಯಂತ್ರಗಳು ಎಡವಟ್ಟು ಮಾಡುವುದಿಲ್ಲ ಎಂದು ಗಣಿತದಿಂದ ಸಾಧಿಸಿ ಕೊಡಲು ಈ ಕಂಪನಿಯವರು ಬಳಸುವುದು ಪ್ರೂಫ್ ಅಸಿಸ್ಟೆಂಟ್ ಎಂಬ ತಂತ್ರಾಂಶ. ಹೆಸರು ಕೇಳಿ ನೀವು ಅದು ತಾನಾಗಿಯೇ ಗಣಿತ ಮಾಡುತ್ತದೆ ಎಂದುಕೊಳ್ಳಬೇಡಿ. ಗಣಿತ ಮಾಡುವವರು ಬೇರೆ ಇರುತ್ತಾರೆ, ಅದು ಅವರೆದುರು ಕೂತು ಹೂಂಗುಟ್ಟುತ್ತದೆ. ಎಡಗಡೆ ನೀವು ಒಂದು ಹೆಜ್ಜೆ ಬರೆಯಬೇಕು. ಅದು ಹಿಂದಿನ ಹೆಜ್ಜೆಯಿಂದ ನ್ಯಾಯವಾಗಿ ಬಂದಿದ್ದರೆ ಬಲಗಡೆಯಲ್ಲಿ ಇನ್ನೇನು ಸಾಧಿಸುವುದು ಉಳಿದಿದೆ ಎಂದು ತೋರಿಸುತ್ತದೆ. ಬಂದಿಲ್ಲದಿದ್ದರೆ ಕೆಂಪಾಗುತ್ತದೆ. ನಿದ್ದೆಯಲ್ಲಿ ಹೂಂ ಎನ್ನುವ ಅಭ್ಯಾಸ ಅದಕ್ಕಿಲ್ಲ.

ನನಗೆ ಗಣಿತ ಬರುವುದಿಲ್ಲ ಎಂಬುದನ್ನು ಸಂದರ್ಶನದಲ್ಲೇ ಹೇಳಿದ್ದೆ. ಪಿಯುಸಿಯಲ್ಲಿ ನಮ್ಮ ಮೇಷ್ಟರು ನನ್ನ ಉತ್ತರ ನೋಡಿ, “ಕೊನೇ ಸಾಲು ಸರಿ ಇದೆ ಕಣೋ, ಆದ್ರೆ ಅಲ್ಲಿಗೆ ಯಾವ ಬಸ್ಸಲ್ಲಿ ಬಂದೆ?” ಎಂದಿದ್ದರು. ಗಣಿತ ಬಾರದವನಿಗೂ ಅರ್ಥವಾಗುವ ಹಾಗೆ ಪರದೆ ಇರಲಿ ಎಂದೇ ಕಂಪನಿಯವರು ನನ್ನನ್ನು ತೆಗೆದುಕೊಂಡರಂತೆ. ಸೇರಿದ ಹೊಸದರಲ್ಲಿ ಉತ್ಸಾಹ ಹೆಚ್ಚಾಗಿ ಆ ಪರದೆಯ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದೆ. ಸಾಧನೆ ಪೂರ್ತಿಯಾದಾಗ ‘ನೋ ಗೋಲ್ಸ್’ ಎಂದು ಬರುತ್ತದೆ, ಇನ್ನು ಸಾಧಿಸಬೇಕಾದ್ದು ಏನೂ ಉಳಿದಿಲ್ಲ ಎಂದು ಅದರ ತಾತ್ಪರ್ಯ. ನಾನು ‘ಯಾವುದೇ ಗುರಿ ಇಲ್ಲ’ ಎಂದು ಹಾಕಿದೆ. ಮನೆಗೆ ಬಂದಿದ್ದ ಸೋದರಮಾವ ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿ, “ಇದು ನಿಮ್ಮ ಕಂಪ್ನಿ ನಿನ್ನ ಬಗ್ಗೆ ಬರ್ದಿರೋದಾ?” ಎಂದು ಬಹಳ ಮೆಲ್ಲಗೆ ಕೇಳಿದರು. ಕನ್ನಡದ ಪರದೆ ಅಲ್ಲಿಗೆ ಮುಗಿಯಿತು.

ಇಂಗ್ಲಿಷಿನದು ಮಾತ್ರ ಹೆಸರು ತಂದಿತು. ಅಗಲವಾದ ಮಾನಿಟರ್, ಎಡ ತುದಿಯಲ್ಲಿ ಬರೆಯುವ ಜಾಗ, ಬಲ ತುದಿಯಲ್ಲಿ ಉಳಿದಿರುವುದರ ಪಟ್ಟಿ, ನಡುವೆ ಕಣ್ಣಿಗೆ ತಂಪಾಗಿರಲೆಂದು ಧಾರಾಳ ಖಾಲಿ ಜಾಗ. ಕಂಪನಿ ಇದಕ್ಕಾಗಿ ನನಗೆ ಒಂದು ಕುಂಡದ ಗಿಡ ಕೊಟ್ಟಿತು. ನಮ್ಮ ಮ್ಯಾನೇಜರ್ ಪ್ರಕಾಶ್ ಸಾರ್ ಸಂಕ್ರಾಂತಿಯ ಸುಮಾರಿಗೆ, ಯುಗಾದಿಯ ಹೊತ್ತಿಗೆ ಎಲ್ಲರೂ ಹಳೆಯದನ್ನು ಬಿಟ್ಟು ಈ ಹೊಸ ಪರದೆಗೆ ಬರಬೇಕು ಎಂದು ಮೇಲ್ ಕಳಿಸಿದರು. ಮರುದಿನ ಗಿರಿಜಾ ಮೇಡಂ ನನ್ನನ್ನು ಕರೆದರು.

ಗಿರಿಜಾ ಮೇಡಂ ದಾವಣಗೆರೆಯವರು. ಗಂಡ ವೈದ್ಯರು, ಮಗಳು ಹತ್ತನೇ ತರಗತಿ, ವೈಟ್‌ಫೀಲ್ಡ್‌ನಲ್ಲೇ ಅಪಾರ್ಟ್‌ಮೆಂಟು. ನಮ್ಮಲ್ಲಿ ಅತ್ಯಂತ ಕಷ್ಟದ ಸಾಧನೆಗಳು ಅವರ ಪಾಲಿಗೆ ಹೋಗುತ್ತಿದ್ದವು. ಆಗ ಅವರ ಕೈಯಲ್ಲಿದ್ದದ್ದು ದೂರದ ಯಾವುದೋ ದೇಶದ ರೈಲಿನ ಬಾಗಿಲು. ‘ಬಾಗಿಲು ತೆರೆದಿರುವಾಗ ರೈಲು ಹೊರಡುವುದಿಲ್ಲ’ ಎಂದು ಅವರು ಸಾಧಿಸಬೇಕಾಗಿತ್ತು. ಇಷ್ಟಕ್ಕೆ ಗಣಿತವೇಕೆ ಎಂದು ನಾನೂ ಕೇಳಿದ್ದೆ. “ತೆರೆದಿರೋದು ಅಂದ್ರೇನಪ್ಪ ಮಂಜು?” ಎಂದು ಅವರು ತಿರುಗಿ ಕೇಳಿದರು. “ಮುಚ್ಚಾಕ ಹತ್ತಿರೋ ಬಾಗಿಲು ತೆರೆದಿದ್ದೋ, ಮುಚ್ಚಿದ್ದೋ? ಯಾರದೋ ಬ್ಯಾಗಿನ ಪಟ್ಟಿ ಸಿಕ್ಕಾಕ್ಕೊಂಡಿದ್ರೆ?” ನಾನು ಹೂಂ ಎಂದೆ.

ಆ ದಿನ ಕರೆದಾಗ ಅವರು ನನ್ನ ಪರದೆಯ ಮುಂದೆ ಕೂತು ತಲೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಟೆನಿಸ್ ನೋಡುವವರಂತೆ ತಿರುಗಿಸುತ್ತಿದ್ದರು. ಅವರ ಕಣ್ಣಿಗೆ ಒಂದು ಕಾಯಿಲೆ, ಸುತ್ತಲಿನ ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತದೆ, ನಡುವಿನದು ಮಾತ್ರ ಉಳಿಯುತ್ತದೆ. ಅದಕ್ಕೆ ಔಷಧವಿಲ್ಲ. “ಹೋದ ವರ್ಷ ಬಳೆಯೊಳಗಿಂದ ನೋಡಿದಂಗಿತ್ತು,” ಎಂದರು, ತರಕಾರಿ ರೇಟು ಹೇಳುವ ದನಿಯಲ್ಲಿ. “ಈಗ ಉಂಗುರ. ಹಳೇದರಾಗ ಎಲ್ಲಾ ಒಂದರ ಕೆಳಗೊಂದು ಬರ್ತಿತ್ತು, ನಡೀತಿತ್ತು. ನೀನು ಉತ್ತರಾನ ವೈಟ್‌ಫೀಲ್ಡಿನಾಗ ಇಟ್ಟೀಯ, ನಾನು ಪ್ರಶ್ನೆ ಹಿಡಕೊಂಡು ಪೀಣ್ಯದಾಗ ಕುಂತೀನಿ.” ಅವರು ಎಡಗಡೆ ಬರೆಯುವಾಗ ಬಲಗಡೆ ಬೆಂಕಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ.

ಪ್ರಕಾಶ್ ಸಾರ್ ಒಳ್ಳೆಯವರು, ಅದೇ ತೊಂದರೆ. ಯಾರನ್ನೂ ಕೆಲಸ ಬಿಡಿಸುವ ಮನುಷ್ಯ ಅವರಲ್ಲ. ಹೊಸ ಪರದೆ ಹೊಂದದಿದ್ದರೆ ಗಿರಿಜಾ ಮೇಡಂ ಅವರನ್ನು ಮೂರನೇ ಮಹಡಿಯ ಡಾಕ್ಯುಮೆಂಟೇಶನ್ ವಿಭಾಗಕ್ಕೆ ಕಳಿಸುವುದು ಎಂದು ಅವರು ಆಗಲೇ ಮನಸ್ಸು ಮಾಡಿದ್ದರು. ಅಲ್ಲಿ ಸಂಬಳ ಅಷ್ಟೇ, ಕಾಫಿ ಮಷೀನು ಇನ್ನೂ ಚೆನ್ನಾಗಿದೆ, ಬೇರೆಯವರು ಸಾಧಿಸಿದ್ದನ್ನು ಓದಿ ವಿವರಣೆ ಬರೆದಿಟ್ಟರಾಯಿತು. ಗಿರಿಜಾ ಮೇಡಂ ಊಟದ ಡಬ್ಬಿ ಬಿಚ್ಚುತ್ತಾ ನನಗೆ ಹೇಳಿದ್ದು ಒಂದೇ ಮಾತು. “ಕಣ್ಣು ಹೋಗ್ತಾವ ಅಂತ ಗೊತ್ತೈತಿ. ಅದರ ಜೊತೀಗೆ ಲೆಕ್ಕಾನೂ ಹೋಗ್ಬೇಕಂತ ಎಲ್ಲೈತಿ?” ನನಗೆ ಸಂಕಟವಾಯಿತು. ಅವರನ್ನು ಮೂರನೇ ಮಹಡಿಗೆ ಹತ್ತಿಸುತ್ತಿರುವುದು ನನ್ನ ಧಾರಾಳವಾದ ಖಾಲಿ ಜಾಗ. ಆ ಗಿಡಕ್ಕೆ ನೀರು ಹಾಕಲು ನಾನು ಕೆಲವು ದಿನ ಹೋಗಲಿಲ್ಲ.

ಏನೇನೋ ಮಾಡಿ ನೋಡಿದೆ. ಬಲಗಡೆಯದನ್ನು ಪರದೆಯ ತಳಕ್ಕೆ ತಂದರೆ ಅವರ ನೋಟದ ಉಂಗುರ ಮೇಲಿತ್ತು. ಪರದೆಯ ಅಂಚು ಮಿನುಗುವಂತೆ ಮಾಡಿದೆ, ಅಂಚೇ ಇಲ್ಲದವರಿಗೆ. ಓದಿ ಹೇಳುವ ತಂತ್ರಾಂಶ ಹಾಕಿದರೆ ಅದರೊಳಗಿನ ಅಮೆರಿಕದ ಹೆಂಗಸು ಪ್ರತಿ ಹೆಜ್ಜೆಗೂ ಆವರಣ ಚಿಹ್ನೆಯಿಂದ ಹಿಡಿದು ಪೂರ್ಣವಿರಾಮದವರೆಗೆ ಪಾರಾಯಣ ಮಾಡಿದಳು. “ಇಕಿ ಬಾಯಿ ಮುಚ್ಚಿಸು ಮೊದ್ಲು,” ಎಂದರು ಮೇಡಂ. ಹಳೆಯ ಪರದೆಯನ್ನೇ ಉಳಿಸಿ ಎಂದು ಕೇಳಲು ಹೋದೆ, ಎರಡೆರಡನ್ನು ಸಾಕಲು ಆಗುವುದಿಲ್ಲ ಎಂದು ಪ್ರಕಾಶ್ ಸಾರ್ ಮುಗುಳ್ನಕ್ಕರು.

ಒಂದು ಮಧ್ಯಾಹ್ನ ಮೇಡಂ ಮಗಳ ಟ್ಯೂಷನ್ ವಿಷಯ ಹೇಳುತ್ತಿದ್ದರು, ನಾನು ಮೊಸರನ್ನ ತಿನ್ನುತ್ತಾ ಅಭ್ಯಾಸದಂತೆ ಹೂಂಗುಟ್ಟುತ್ತಿದ್ದೆ. ಅವರು ನಿಲ್ಲಿಸಿ, “ಕೇಳಿಸ್ಕೊಂಡು ಹೂಂ ಅಂತೀಯೋ, ಸುಮ್ನ ಅಂತೀಯೋ?” ಎಂದರು. ಕೇಳಿಸಿಕೊಂಡು ಹೂಂ ಎನ್ನುವ ಒಂದು ವಸ್ತು ನಮ್ಮ ಆಫೀಸಿನಲ್ಲಿ ಇರುವುದು ನನಗೆ ಆಗ ಹೊಳೆಯಿತು. ಅದಕ್ಕೆ ಬಾಯಿ ಮಾತ್ರ ಇರಲಿಲ್ಲ. ಹೆಜ್ಜೆ ಸರಿಯಿದ್ದರೆ ಹೂಂ, ತಪ್ಪಿದ್ದರೆ ಉಹೂಂ, ಅಷ್ಟೇ ಸಾಕು. ತಪ್ಪು ಏನೆಂದು ಬೇಕಾದರೆ ಉಂಗುರವನ್ನು ಬಲಕ್ಕೆ ತಿರುಗಿಸಿ ನೋಡಿಕೊಳ್ಳಬಹುದು.

ಫೋನಿನಲ್ಲಿ ಮಾತಾಡುವವರಿಗೆಂದು ಆಫೀಸಿನಲ್ಲಿ ಗಾಜಿನ ಗೂಡುಗಳಿವೆ. ಅದರಲ್ಲೊಂದನ್ನು ಹೊಕ್ಕು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ. ಮೊದಲನೇ ಹೂಂ ಅಪ್ಪನ ಪತ್ರಿಕೆಯ ಹಿಂದಿನ ಹೂಂನಂತೆ ಬಂತು. ಇನ್ನೊಂದು ಹಲ್ಲುನೋವಿನವನದ್ದು. ಬಹಳ ಹೊತ್ತು ಗಾಜಿನೊಳಗೆ ಒಬ್ಬನೇ ನಿಂತು ಹೂಂ, ಉಹೂಂ ಎಂದು ತಲೆಯಾಡಿಸುತ್ತಿದ್ದವನನ್ನು ಹೊರಗಿನವರು ಸಂಬಳದ ಮಾತುಕತೆ ನಡೆಸುತ್ತಿದ್ದಾನೆ ಎಂದುಕೊಂಡರಂತೆ. ಅಂತೂ ಮೇಡಂ ಒಂದನ್ನು ಒಪ್ಪಿದರು. ತಮ್ಮ ಹಳೆಯ ವೈರಿನ ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಕೂತರೆ ಅವರ ಬೆರಳುಗಳು ಮತ್ತೆ ಓಡತೊಡಗಿದವು. ಕಣ್ಣು ಎಡಗಡೆ, ಕಿವಿ ಬಲಗಡೆ. ನನಗೆ ಬಹಳ ಖುಷಿಯಾಯಿತು, ಗಿಡಕ್ಕೆ ನೀರು ಹಾಕಿದೆ.

ಯುಗಾದಿಗೆ ಮುಂಚೆ ಪ್ರಕಾಶ್ ಸಾರ್ ಒಂದು ಸಣ್ಣ ಪರೀಕ್ಷೆ ಇಟ್ಟರು. ಅವರು ಅದನ್ನು ಪರೀಕ್ಷೆ ಎನ್ನಲಿಲ್ಲ, “ಸುಮ್ನೆ ಒಂದ್ಸಲ ನೋಡೋಣ ಮೇಡಂ,” ಎಂದರು. ಮೀಟಿಂಗ್ ರೂಮಿನಲ್ಲಿ ನಾವು ಮೂವರೇ. ಹೊಸ ಪರದೆಯಲ್ಲಿ ಮೇಡಂ ಬಾಗಿಲಿನ ಒಂದು ಭಾಗವನ್ನು ಸಾಧಿಸಿ ತೋರಿಸಬೇಕು, ಬ್ಯಾಗಿನ ಪಟ್ಟಿ ಸಿಕ್ಕಿಕೊಂಡ ಪ್ರಸಂಗ. ನಾನು ಬಾಯಿ ಹಾಕುವಂತಿಲ್ಲ. ಸಾರ್ ಬರುವಾಗ ಪ್ರೀತಿಯಿಂದ ಒಂದು ಹೊಸ ಹೆಡ್‌ಸೆಟ್ ತಂದಿದ್ದರು, ವೈರ್ ಇಲ್ಲದ್ದು, ದುಬಾರಿಯದು. ಮೇಡಂ ಅದನ್ನೇ ಹಾಕಿಕೊಂಡರು.

ಮೊದಲ ಹೆಜ್ಜೆಗಳೆಲ್ಲ ಸರಿಯಾಗಿ ಬಂದವು. ಆಮೇಲೆ ಒಂದು ಹೆಜ್ಜೆಗೆ ಬಲಗಡೆ ಕೆಂಪಾಯಿತು. ಮೇಡಂ ನಿಲ್ಲಲಿಲ್ಲ, ಮುಂದಿನದನ್ನು ಬರೆದರು. ಇನ್ನೂ ಕೆಂಪು. ಮತ್ತೂ ಬರೆದರು. ಪ್ರಕಾಶ್ ಸಾರ್ ಮೊದಲು ಕೆಂಪನ್ನು, ಆಮೇಲೆ ಮೇಡಂ ಅವರನ್ನು, ಕೊನೆಗೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಎನ್ನುವುದಿತ್ತು. ಮೂರನೇ ಮಹಡಿ ಅಲ್ಲೇ ಗಟ್ಟಿಯಾಯಿತು ಎಂದು ನನಗನ್ನಿಸಿತು.

ಮೇಡಂ ಬೆರಳುಗಳು ಒಮ್ಮೆ ತಡೆದವು. ಏನೋ ಯೋಚಿಸಿ ಬಹಳ ಚಿಕ್ಕದೊಂದು ಸಾಲು ಬರೆದರು. ಕೇಳಿಸಿಕೊಂಡರು. ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟರು.

“ಮಂಜು, ಸೊನ್ನೆ ಒಂದಕ್ಕೆ ಸಮ ಅಂತ ಬರೆದೆ. ಅದಕ್ಕೂ ಹೂಂ ಅಂತೈತಿ ನಿನ್ನ ಮಷೀನು.”

“ಸ್ಕ್ರೀನ್ ರೆಡ್ ಇದೆ ಮೇಡಂ,” ಎಂದರು ಪ್ರಕಾಶ್ ಸಾರ್, ಮೆತ್ತಗೆ.

“ಇರ್ಲೇಬೇಕಲ್ರಿ. ಯಾವಾಗಿಂದ?”

ನಾನು ತಲೆ ಎತ್ತಲಿಲ್ಲ. ಸದ್ದನ್ನು ಹೆಡ್‌ಸೆಟ್ಟಿನಿಂದ ಸ್ಪೀಕರಿಗೆ ತಿರುಗಿಸಿದೆ. ಅದೇ ಸಾಲಿಗೆ ರೂಮಿನ ತುಂಬ ನನ್ನ ದನಿ ಕೇಳಿಸಿತು, “ಉಹೂಂ.” ಮತ್ತೆ ಹೆಡ್‌ಸೆಟ್ ಹಾಕಿ ನಾನೇ ಕೇಳಿದೆ, “ಹೂಂ.” ಆ ದುಬಾರಿ ಸಾಮಾನು ಬ್ಯಾಟರಿ ಉಳಿಸಲೆಂದು ಸದ್ದಿಲ್ಲದಾಗ ತೂಕಡಿಸುತ್ತದೆ. ಸದ್ದು ಬಂದಾಗ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಅಕ್ಷರ ಕಳೆದುಹೋಗಿರುತ್ತದೆ. ಇಂಗ್ಲಿಷಿನಲ್ಲಿ ಯೆಸ್, ನೋ ಎಂದು ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಎಂದೂ ಸುಳ್ಳು ಹೇಳದ ಯಂತ್ರಕ್ಕೆ ಕನ್ನಡ ಕಲಿಸಿ ನಾನು ಸುಳ್ಳು ಹೇಳಿಸಿದ್ದೆ.

ಮೇಡಂ ಸ್ಪೀಕರ್ ಇಟ್ಟುಕೊಂಡೇ ಹಿಂದಕ್ಕೆ ಹೋಗಿ, ತಪ್ಪಿದ ಹೆಜ್ಜೆ ತಿದ್ದಿ, ಆ ಭಾಗವನ್ನು ಮುಗಿಸಿದರು. ಬಾಗಿಲು ‘ಮುಚ್ಚಿದೆ’ ಎಂದು ಹೇಳಿದ ಮೇಲೂ ಅದು ಹಳೆಯ ಸುದ್ದಿಯಾಗಿರಬಹುದು ಎಂಬುದು ಅಲ್ಲಿ ಬಿಟ್ಟುಹೋಗಿತ್ತಂತೆ. ಪ್ರಕಾಶ್ ಸಾರ್ “ಸೂಪರ್ ಮೇಡಂ” ಎಂದರು. ಮಕ್ಕಳ ಡ್ರಾಯಿಂಗಿಗೆ ಹೇಳುವ ಸೂಪರ್ ಅದು.

ನಾನು ಉಹೂಂ ಬದಲು ಬೇರೆ ಸದ್ದು ಹಾಕುತ್ತೇನೆ, ಗಂಟೆಯೋ ಮತ್ತೊಂದೋ, ಎಂದು ಮೇಡಂಗೆ ಹೇಳಿದೆ. ಅವರು ಒಪ್ಪಲಿಲ್ಲ.

“ಉಹೂಂ ತೆಗೆದುಹಾಕು. ಹೂಂ ಒಂದೇ ಇರ್ಲಿ.”

“ತಪ್ಪಾದ್ರೆ ಹೇಗೆ ಗೊತ್ತಾಗುತ್ತೆ ಮೇಡಂ?”

“ಹೂಂ ಬರಂಗಿಲ್ಲಲ್ಲ. ಇಲ್ಲ ಅನ್ನೋದು ಕೇಳಿಸ್ದೆ ಹೋದ್ರೆ ನಾನು ಮುಂದಕ್ಕೆ ಹೋಗಿಬಿಡ್ತೀನಿ. ಹೌದು ಅನ್ನೋದು ಕೇಳಿಸ್ದೆ ಹೋದ್ರೆ ಏನಾತು, ನಿಂತ್ಕೊಂಡು ಇನ್ನೊಮ್ಮೆ ನೋಡ್ತೀನಿ ಅಷ್ಟೆ. ಬಾಗಿಲಿಗೂ ಅದ ಅಲ್ಲೇನು? ಮುಚ್ಚೀನಿ ಅಂತ ಅದು ಬಾಯಿಬಿಟ್ಟು ಹೇಳೋತನಕ ರೈಲು ಹೊರಡಂಗಿಲ್ಲ. ಸುಮ್ನಿದ್ರೆ ಇಲ್ಲ ಅಂತಲೇ ತಿಳ್ಕೋಬೇಕು.”

ಅಂದೇ ಉಹೂಂ ಅಳಿಸಿದೆ. ಯುಗಾದಿಯ ಹೊತ್ತಿಗೆ ರೈಲಿನ ಬಲಬದಿಯ ಬಾಗಿಲುಗಳು ಪೂರ್ತಿ ಸಾಧನೆಯಾದವು, ಎಡಬದಿಯವು ಉಳಿದವು. ಹಬ್ಬ ಕಳೆದ ಮೇಲೆ ಪ್ರಕಾಶ್ ಸಾರ್ ನಮ್ಮಿಬ್ಬರನ್ನೂ ಕರೆಸಿದರು, ನನ್ನನ್ನು ಪರದೆಯ ಸಾಕ್ಷಿಯಾಗಿ.

“ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು,” ಎಂದು ಆರಂಭಿಸಿದರು. “ಅವತ್ತು ಹೆಡ್‌ಸೆಟ್ ಆಯ್ತು, ನಾಳೆ ಇನ್ನೊಂದಾಗುತ್ತೆ. ಕಣ್ಣಿಗೂ ಸ್ಟ್ರೈನು. ಎಡಗಡೆ ಬಾಗಿಲನ್ನ ಬೇರೆಯವರಿಗೆ ಕೊಡೋಣ. ನೀವು ಆರಾಮಾಗಿ ಡಾಕ್ಯುಮೆಂಟೇಶನ್‌ಗೆ ಬಂದ್ಬಿಡಿ. ಓಕೆ ತಾನೆ?”

ಗಿರಿಜಾ ಮೇಡಂ ಏನೂ ಹೇಳಲಿಲ್ಲ. ಕೈಗಳು ಮಡಿಲಲ್ಲಿದ್ದವು. ನಮ್ಮ ಆಫೀಸಿನಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಸಂಜೆಯೊಳಗೆ ಯಾರೂ ಬೇಡ ಎನ್ನದಿದ್ದರೆ ಎಲ್ಲರೂ ಒಪ್ಪಿದ್ದಾರೆಂದು ಭಾವಿಸಲಾಗುವುದು ಎಂದು ಸಾರ್ ತಮ್ಮ ಮೇಲ್‌ಗಳ ಕೆಳಗೆ ಬರೆಯುತ್ತಾರೆ. ಹೊಸ ಪರದೆ ಬಂದದ್ದೂ ಹಾಗೆಯೇ.

“ಸರಿ ಹಾಗಾದ್ರೆ, ಇವತ್ತೇ ಮೇಲ್ ಹಾಕ್ಬಿಡ್ತೀನಿ,” ಎಂದು ಅವರು ಲ್ಯಾಪ್‌ಟಾಪ್ ಮಡಚಿದರು.

“ಸಾರ್,” ಎಂದೆ. “ಮೇಡಂ ಇನ್ನೂ ಹೂಂ ಅಂದಿಲ್ಲ.”

ಪ್ರಕಾಶ್ ಸಾರ್ ನನ್ನನ್ನು ನೋಡಿದರು. ಆಮೇಲೆ, “ಮೇಡಂ?” ಎಂದರು. ಮೇಡಂ ಆಗಲೂ ಸುಮ್ಮನಿದ್ದರು. ಸಾರ್ ಎದ್ದವರು ಕೂತರು. ಮಡಚಿದ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾದರು. ಬಹುಶಃ ಅವರು ಆ ರೂಮಿನಲ್ಲಿ ಯಾರ ಉತ್ತರಕ್ಕಾದರೂ ಅಷ್ಟು ಹೊತ್ತು ಕಾದದ್ದು ಅದೇ ಮೊದಲು.

“ಹಾಗಾದ್ರೆ ನೀವೇ ಹೇಳಿ, ಏನ್ ಮಾಡೋಣ?”

“ಎಡಗಡೆ ಬಾಗಿಲು ನನ್ನ ಕಡೀಗೇ ಇರ್ಲಿ ಸಾರ್,” ಎಂದರು ಮೇಡಂ. ಅವರ ನೋಟದ ಉಂಗುರ ಆಗ ನನ್ನ ಕಡೆಗಿತ್ತು. “ಅದು ಮುಗಿಯೋತನಕ ನನ್ನ ಕೇಳದೆ ಎಲ್ಲೂ ಕಳಿಸ್ಬ್ಯಾಡ್ರಿ.”

ಪ್ರಕಾಶ್ ಸಾರ್ ತಲೆಯಾಡಿಸಿದರು. ಮೇಡಂ ಕಾಯುತ್ತಲೇ ಇದ್ದರು. ಸಾರ್ ಇನ್ನೊಮ್ಮೆ, ಇನ್ನೂ ಜೋರಾಗಿ ತಲೆಯಾಡಿಸಿದರು. ತಲೆಯಾಡಿಸಿದ್ದು ಅವರಿಗೆ ಕಾಣಿಸುವುದಿಲ್ಲ ಎಂದು ಹೊಳೆಯಲು ಸಾರ್‌ಗೆ ಸ್ವಲ್ಪ ಹೊತ್ತು ಹಿಡಿಯಿತು.

“ಹೂಂ ಮೇಡಂ,” ಎಂದರು, ಬಾಯಿಬಿಟ್ಟು.